ಬೆನ್ನು ತಿರುಗಿಸಿ ಕೂರುತ್ತಿದ್ದವರು

ಕಮರಿಪೇಟೆಯ ಗಡಿಯಾರ ರಿಪೇರಿಯವರೊಬ್ಬರು ಯಾರನ್ನೂ ನಂಬುತ್ತಿರಲಿಲ್ಲ. ಜರ್ಮನಿಯ ಗೋಡೆ ಗಡಿಯಾರ ಬಿಚ್ಚುವಾಗಲಂತೂ ಗಿರಾಕಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು. "ಇದನ್ನ ಮಾಡೋದು ಒಂದs ಮನೆತನರೀ. ಅಜ್ಜನ ಗುಟ್ಟು ಅಪ್ಪಗ, ಅಪ್ಪಂದು ಮಗಗ. ಹೊರಗ ಹೋಗಂಗಿಲ್ಲ," ಎನ್ನುತ್ತಿದ್ದರು. ಅವರಿಗೆ ಗಂಡುಮಕ್ಕಳಿರಲಿಲ್ಲ. ಮಗಳು ಚಹಾ ತಂದರೂ ಕೆಲಸದ ಮೇಲೆ ಧೋತರದ ಚುಂಗು ಮುಚ್ಚುತ್ತಿದ್ದರು.

ಯುದ್ಧದಿಂದಾಗಿ ಆ ಗಡಿಯಾರಗಳು ಬರುವುದೇ ನಿಂತಾಗ, ನಮ್ಮ ಮನೆಯದನ್ನು ರಿಪೇರಿಗೆ ಒಯ್ದೆ. ಎಷ್ಟು ತಿದ್ದಿದರೂ ಲೋಲಕ ಸ್ವಲ್ಪ ಆಡಿ ನಿಲ್ಲುತ್ತಿತ್ತು. ಒಳಮನೆಯ ಪರದೆಯ ಹಿಂದಿನಿಂದ ಮಗಳ ದನಿ ಬಂತು: "ಅಪ್ಪಾ, ಇನ್ನೂ ಕುಂಟಾಕತ್ತೈತಿ. ಮತ್ತೊಂಚೂರು ಸರಿಸು... ಹಾಂ, ಸಾಕು."

ಗಡಿಯಾರ ನಡೆಯಿತು. ಅವರು ಮೊದಲು ನನ್ನನ್ನು, ಆಮೇಲೆ ಪರದೆಯನ್ನು ಅನುಮಾನದಿಂದ ನೋಡಿದರು.

"ಯಾವಾಗ ನೋಡಿದಿ?"

"ನೋಡಾಕ ನೀ ಎಲ್ಲಿ ಬಿಟ್ಟೀಯಪಾ? ಹುಟ್ಟಿದಾಗಿಂದ ಸಪ್ಪಳ ಕೇಳಾಕತ್ತೇನಿ."