ಅವ್ವ ಊದಿದ ದಿನ

ವೇದಸಂದೂರಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಅವ್ವನ ಬಲಗಡೆಯ ಶ್ವಾಸಕೋಶದ ಮೇಲೆ ಹುಣಸೆಬೀಜದಷ್ಟು ಬಿಳಿ ಕಲೆ ಇತ್ತು. ಅಲ್ಲಿನ ಡಾಕ್ಟರು ಅದನ್ನು ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿ, ತೇನಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ ಅಂದರು. ಏನು ಎತ್ತ ಅಂತ ಒಂದು ಮಾತು ಹೇಳಬಾರದೇ? ನಮ್ಮ ಬೀದಿಯ ಒಬ್ಬರಿಗೆ ಇಂಥದ್ದೇ ಕಲೆ ಕಾಣಿಸಿ, ಅವರು ಆರು ತಿಂಗಳೂ ಉಳಿದಿರಲಿಲ್ಲ. ತೇನಿಯಲ್ಲಿರುವ ನನ್ನ ಮನೆಗೆ ಅವ್ವನನ್ನು ಕರೆತಂದ ದಿನದಿಂದ ನನಗೆ ಊಟ ಸೇರಲಿಲ್ಲ. ಸಿಕ್ಕಿದವರ ಮೇಲೆಲ್ಲ ಹರಿಹಾಯುತ್ತಿದ್ದೆ.

ಅವ್ವ ಇಪ್ಪತ್ತು ವರ್ಷ ನೂಲಿನ ಮಿಲ್ಲಿನಲ್ಲಿ ದುಡಿದವಳು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ ಕೂತಿರುತ್ತಿತ್ತು. ಈಗ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಾಲ್ಕಕ್ಕೊಮ್ಮೆ ನಿಂತು ಸೆರಗು ಸರಿಮಾಡಿಕೊಂಡಳು. ಸೆರಗು ಸರಿಯಾಗಿಯೇ ಇತ್ತು. "ಲಿಫ್ಟ್‌ನಾಗೆ ಹೋಗಾನ ಬಾರವ್ವ" ಅಂದರೆ, "ನನಗೇನಾಗೈತೆ ಈಗ?" ಅಂತ ನನ್ನ ಮೇಲೇ ರೇಗಿದಳು.

ಸ್ಕ್ಯಾನ್ ಬೇಗ ಮುಗಿಯಿತು. ಆಮೇಲೆ ಊದುವ ಪರೀಕ್ಷೆ. ಒಂದು ಚಿಕ್ಕ ಕೋಣೆ, ಕಂಪ್ಯೂಟರಿಗೆ ಕಟ್ಟಿದ ಒಂದು ಕೊಳವೆ, ಅದನ್ನು ನೋಡಿಕೊಳ್ಳುವ ಒಬ್ಬಳು ಹುಡುಗಿ. ಅವಳು ಅವ್ವನ ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆ ಬಾಯಿಗಿಟ್ಟು, ಊದಿ ಅಜ್ಜಿ ಅಂತ ತಮಿಳಿನಲ್ಲಿ ಕೂಗಿದಳು: "ಊದುಂಗ ಪಾಟೀ! ಊದುಂಗ, ಊದುಂಗ, ಊದುಂಗ!"

ಅವ್ವ ಊದಿದಳು. ಒಲೆ ಊದುವ ಹಾಗೆ, ಬೂದಿ ಹಾರದ ಹಾಗೆ, ಮೆಲ್ಲಗೆ. ಪರದೆಯ ಮೇಲಿನ ಗೆರೆ ಮೇಲೇಳಲೇ ಇಲ್ಲ. "ಪತ್ತಾದು ಪಾಟೀ," ಸಾಲದು ಅಂದಳು ಹುಡುಗಿ. ಮೊದಲ ಏಟಿಗೇ ಜೋರಾಗಿ ಬರಬೇಕಂತೆ. ಎರಡನೇ ಸಲವೂ ಅದೇ ಒಲೆ, ಅದೇ ಬೂದಿ. ಸರಿಯಾಗಿ ಊದದಿದ್ದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ ಅಂತ ಹುಡುಗಿ ಹೇಳಿದಾಗ ನನ್ನ ತಾಳ್ಮೆ ಕೆಟ್ಟೇ ಹೋಯಿತು. ಮೂರನೇ ಸಲ ಕೊಳವೆ ಅವ್ವನ ಬಾಯಿಗೆ ಹೋಗುತ್ತಲೇ ನಮ್ಮ ಮನೆಮಾತಿನಲ್ಲಿ ಕಿರುಚಿದೆ.

"ಉಸುರು ಬಿಡವ್ವಾ! ಒಳಗ್ಯಾಕೆ ಇಟ್ಕಂಡಿದ್ದೀಯೆ? ಬಿಡು ಉಸುರ, ಪೂರಾ ಬಿಡು!"

ಹುಡುಗಿ ಬೆಚ್ಚಿಬಿದ್ದಳು. "ಅಯ್ಯೋ ಅಕ್ಕಾ, ಅಪ್ಪಡಿ ಸೊಲ್ಲಾದೀಂಗ!" ಹಾಗೆ ಹೇಳಬೇಡಿ ಅಂತ ಕೈಯನ್ನೇ ಅಡ್ಡ ಹಿಡಿದಳು. ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬರು ಮುದುಕರು ನನ್ನನ್ನು ಕೆಕ್ಕರಿಸಿ ನೋಡಿದರು. ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಉಸುರು ಎಂದರೆ ಮೂಗಿನಲ್ಲಿ ಆಡುವ ಉಸಿರು. ತಮಿಳಿನವರಿಗೆ ಉಸುರು ಎಂದರೆ ಪ್ರಾಣ. ಆಸ್ಪತ್ರೆಯ ನಟ್ಟನಡುವೆ ನಿಂತು ಹೆತ್ತ ತಾಯಿಗೆ ಪ್ರಾಣ ಬಿಡು ಎಂದು ಅರಚಿದ್ದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳ!

ಅವ್ವ ಮೂಗಿನ ಕ್ಲಿಪ್ಪು ಕಿತ್ತು ನಗತೊಡಗಿದಳು. ಮಗಳಿಗೆ ಮೊದಲಿಂದಲೂ ಸ್ವಲ್ಪ ಆತುರ ಅಂತ ಹುಡುಗಿಗೆ ತಮಿಳಿನಲ್ಲೇ ಹೇಳಿ ಮತ್ತೂ ನಕ್ಕಳು, ಕೆಮ್ಮಿದಳು, ನೀರು ಕುಡಿದಳು. ಆಮೇಲೆ ಊದಿದಳು ನೋಡಿ, ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬರುವಷ್ಟು. "ಸೂಪರ್ ಪಾಟೀ!" ಅಂದಳು ಹುಡುಗಿ. ಹಾಗೆಯೇ ಇನ್ನೂ ಎರಡು ಸಲ ಊದಿಸಿದಳು.

ಊದಿ ಸುಸ್ತಾದ ಅವ್ವನನ್ನು ಹೊರಗೆ ಫ್ಯಾನಿನ ಕೆಳಗೆ ಕೂರಿಸಿ, ಡಾಕ್ಟರ ಹತ್ತಿರ ನಾನೊಬ್ಬಳೇ ಹೋದೆ. ಕೈಯಲ್ಲಿದ್ದ ಚೀಟಿ ಬೆವರಿಗೆ ನೆನೆದು ಮೆತ್ತಗಾಗಿತ್ತು. ಅವರು ಸ್ಕ್ಯಾನ್ ನೋಡಿ, ಆ ಕಲೆ ಎಂದೋ ಆಗಿ ಒಣಗಿದ ಹಳೇ ಗಾಯದ ಗುರುತು ಅಂದರು. "ಉಸುರುಕ್ಕು ಬಯಮಿಲ್ಲೆ." ಪ್ರಾಣಕ್ಕೆ ಭಯವಿಲ್ಲ. ನನಗೆ ಅಲ್ಲೇ ಅಳು ಬಂತು. ಕೈ ಮುಗಿದೆ. ಅವರು ಊದುವ ಪರೀಕ್ಷೆಯ ಹಾಳೆ ತಿರುಗಿಸಿ, "ಮೂಚ್ಚು ಮಟ್ಟುಂ ಪಾದಿದಾನ್ ಇರುಕ್ಕು" ಅಂದರು. ಉಸಿರು ಮಾತ್ರ ಅರ್ಧವೇ ಇದೆ. ಮಿಲ್ಲಿನ ಧೂಳು. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು, ದಿನಾ ಇನ್ಹೇಲರ್ ಎಳೆಯಬೇಕು. ಅವರಿಗೆ ಉಸುರು, ಮೂಚ್ಚು ಎರಡು ಬೇರೆ ಮಾತು. ಅವರು ಮೂಚ್ಚು ಅನ್ನುವುದಕ್ಕೇ ನಮ್ಮ ಮನೆಯಲ್ಲಿ ಉಸುರು ಅನ್ನುವುದು.

ಹೊರಗೆ ಬಂದಾಗ ಅವ್ವ ಏನಂತೆ ಎನ್ನುವ ಹಾಗೆ ಗದ್ದ ಎತ್ತಿದಳು. ಅವಳ ಹತ್ತಿರ ಹೋಗುವಷ್ಟರಲ್ಲಿ ನಾನು ನಿರ್ಧರಿಸಿಬಿಟ್ಟಿದ್ದೆ.

"ಉಸುರಿಗೆ ಏನೂ ಬಯ ಇಲ್ಲವ್ವಾ" ಅಂದೆ.

ಸುಳ್ಳೇನೂ ಅಲ್ಲವಲ್ಲ. ಉಳಿದದ್ದನ್ನು ನಾಳೆಯೋ ನಾಡಿದ್ದೋ ಹೇಳಿದರಾಯಿತು ಅಂದುಕೊಂಡೆ. ಅವ್ವ ನನ್ನ ಮುಖವನ್ನೇ ನೋಡುತ್ತ ಕೂತಳು. ಈ ಸಲ ನಗಲಿಲ್ಲ.

"ಯಾರ ಉಸುರು? ನಮ್ದಾ, ತಮಿಳ್ರದಾ?"

"ಅವ್ರದು" ಅಂದೆ.

ಅವ್ವ ಮೆಟ್ಟಿಲ ಕಡೆ ನೋಡಿದಳು. ಸೆರಗು ಮುಟ್ಟಲಿಲ್ಲ. ನನ್ನ ಕೈ ಹಿಡಿದು ಎದ್ದು, "ಲಿಫ್ಟು ಎಲ್ಲೈತೆ ಕೇಳು" ಅಂದಳು.