ಸೇನೆ ಸೇರಲು ಗುಡಿ ಸುತ್ತಿದ್ದು

ನಮ್ಮತ್ತೆಯ ಬಿಳಿ ಕ್ಯಾನ್ವಾಸ್ ಶೂಗಳಲ್ಲಿ ಎಡಗಾಲಿನದಕ್ಕೆ ಕಿರುಬೆರಳಿನ ಹತ್ತಿರ ಒಂದು ತೂತಿತ್ತು. ಹರಿದದ್ದಲ್ಲ, ಬೆರಳಿನ ಆಣಿ ಒತ್ತುತ್ತದೆಂದು ಅವರೇ ಕತ್ತರಿ ಹಿಡಿದು ಮಾಡಿದ್ದು. ಮೇಲೆ ಇಳಕಲ್ ಸೀರೆ, ಹಣೆಗೆ ವಿಭೂತಿ, ಕೆಳಗೆ ಆ ಶೂ. ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ಹಾಲು ಹಾಕುವವರು ಈ ಅವತಾರ ನೋಡಿ ಮೊದಮೊದಲು ನಗುತ್ತಿದ್ದರು. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಶೂ ಮನೆಗೆ ಬಂದದ್ದು ನನ್ನಿಂದಾಗಿ. ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಸೇನಾ ಅಧಿಕಾರಿಯಾಗುವ ಕನಸು ಕಾಣುತ್ತಿದ್ದವಳಿಗೆ ಮನೆಯವರು ಮದುವೆ ಮಾಡಿ ಕೈತೊಳೆದುಕೊಂಡಿದ್ದರು. ನಲವತ್ತರ ಹೊತ್ತಿಗೆ ಒಂದು ದಿನ ಪೇಪರಿನಲ್ಲಿ ಪ್ರಾದೇಶಿಕ ಸೇನೆಯ ಜಾಹೀರಾತು ಕಂಡಿತು. ಪದವಿ ಇರಬೇಕು, ಕೈಯಲ್ಲೊಂದು ಕೆಲಸ ಇರಬೇಕು, ವಯಸ್ಸು ನಲವತ್ತೆರಡು ದಾಟಿರಬಾರದು. ಲಿಖಿತ ಪರೀಕ್ಷೆ, ಸಂದರ್ಶನ, ಆಮೇಲೆ ಹಲವು ದಿನಗಳ ಆಯ್ಕೆ ಮಂಡಳಿ, ಕೊನೆಗೆ ವೈದ್ಯಕೀಯ ತಪಾಸಣೆ. ಎಲ್ಲ ದಾಟಿದರೆ ಹೆಗಲ ಮೇಲೆ ಅಧಿಕಾರಿಯ ನಕ್ಷತ್ರ. ಪ್ರತಿ ವರ್ಷ ಒಂದೆರಡು ತಿಂಗಳು ಸಮವಸ್ತ್ರ, ಸೇನೆ ಕರೆದರೆ ಇನ್ನೂ ಹೆಚ್ಚು, ಉಳಿದಂತೆ ನಮ್ಮ ನಮ್ಮ ಕೆಲಸ. ನನ್ನವರು ‘ನೋಡೋಣ’ ಎಂದರು. ನಮ್ಮ ಮನೆಯಲ್ಲಿ ಹಾಗೆಂದರೆ ಬೇಡ ಎಂದೇ ಅರ್ಥ. ಅತ್ತೆ ಜಾಹೀರಾತನ್ನು ನನ್ನಿಂದ ಎರಡು ಸಲ ಓದಿಸಿದರು.

“ಅರ್ಜಿ ಹಾಕು. ನೋಡೋಣ ಅಂದೋರು ನೋಡ್ಕೊಂತ ಇರಲಿ.”

ಹಗ್ಗ ಹತ್ತಬೇಕು, ಗೋಡೆ ಹಾರಬೇಕು. ಅದಕ್ಕೆ ಮೈ ಪಳಗಬೇಕಿತ್ತು. ಅತ್ತೆ ತವರು ಕುಕ್ಕುವಾಡದಿಂದ ದಪ್ಪ ಹಗ್ಗ ತರಿಸಿ ಹಿತ್ತಲ ಬೇವಿನ ಮರಕ್ಕೆ ಕಟ್ಟಿಸಿದರು. ಆದರೆ ಓಡುವುದು ಎಲ್ಲಿ? ಫೇಲಾದರೆ ಬೀದಿಯವರೆಲ್ಲ ಆಡಿಕೊಳ್ಳುತ್ತಾರೆಂಬ ಅಳುಕು ನನಗೆ. ಅತ್ತೆ ನನ್ನನ್ನು ಅಮ್ಮನ ಗುಡಿಗೆ ಕರೆದೊಯ್ದು, ಗೋಡೆಯ ಹೊರಗಿನ ಪ್ರದಕ್ಷಿಣೆಯ ದಾರಿಯಲ್ಲಿ ಓಡು ಎಂದರು. ತಾವು ಶೂ ಹಾಕಿಕೊಂಡು ಹಿಂದೆ ಬಿರಬಿರನೆ ನಡೆದರು. ಕೇಳಿದವರಿಗೆಲ್ಲ ಒಂದೇ ಉತ್ತರ: ಸೊಸೆ ಹರಕೆ ಹೊತ್ತಿದ್ದಾಳೆ.

ಅದೇ ಎಡವಟ್ಟಾಯಿತು. ನನಗಿರುವುದು ಒಬ್ಬಳೇ ಮಗಳು. ಬೀದಿಯ ಹೆಂಗಸರೆಲ್ಲ ಇದು ಗಂಡುಮಗುವಿನ ಹರಕೆಯೆಂದು ತೀರ್ಮಾನಿಸಿಬಿಟ್ಟರು. ಒಬ್ಬರು ಉಡಿ ತುಂಬಿದರು, ಇನ್ನೊಬ್ಬರು ಕಷಾಯ ಕಳಿಸಿದರು. ಎದುರುಮನೆಯಲ್ಲಿ ಹೊಲಿಗೆ ಮಾಡುವ ಖಾಲಾ ನನ್ನ ಕೈ ಹಿಡಿದು, ತಾನೂ ದಿನಾ ದುವಾ ಮಾಡುತ್ತಿದ್ದೇನೆ ಎಂದಾಗ ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಅತ್ತೆ ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಪರೀಕ್ಷೆ, ಸಂದರ್ಶನ ಎರಡೂ ದಾಟಿದೆ. ಆಯ್ಕೆ ಮಂಡಳಿಯಲ್ಲಿ ಬಿದ್ದೆ. ಕಾರಣ ಅಲ್ಲಿ ಯಾರೂ ಹೇಳುವುದಿಲ್ಲ. ಅತ್ತೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಏನೇನು ಮಾಡಿಸಿದರು ಎಂದು ಒಂದೊಂದನ್ನೇ ಕೇಳಿದರು. ಒಂದು ಆಟದಲ್ಲಿ ನಾನು ನಾಯಕಿ. ಜೊತೆಗೆ ಇಬ್ಬರನ್ನು ಕೊಟ್ಟಿದ್ದರು; ಹಲಗೆ, ಹಗ್ಗ ಬಳಸಿ ನೆಲ ಮುಟ್ಟದಂತೆ ಅವರನ್ನು ಗೆರೆ ದಾಟಿಸಬೇಕು. ನಾನು ಹಲಗೆಯನ್ನು ಒಬ್ಬಳೇ ಎತ್ತಿ, ಒಬ್ಬಳೇ ಹಗ್ಗ ಬಿಗಿದು, ಬೆವರು ಸುರಿಸಿ ಮುಗಿಸಿದ್ದೆ. ಜೊತೆಯವರು ನಿಂತು ನೋಡಿದ್ದರು. ಹೇಳುವಾಗ ನನಗೆ ಹೆಮ್ಮೆಯೇ ಇತ್ತು.

“ಮನ್ಯಾಗೂ ಹಂಗೇ ಮಾಡ್ತೀಯ,” ಎಂದರು ಅತ್ತೆ. “ಎಲ್ಲಾ ನೀನೇ ಹೊತ್ಕೊಂಡ್ರೆ ಉಳಿದೋರು ಯಾಕ ಬೇಕು?”

ಮುಂದಿನ ಹಬ್ಬಕ್ಕೆ ಬೀದಿಗೆಲ್ಲ ನಮ್ಮ ಮನೆಯಲ್ಲೇ ಹೋಳಿಗೆ ಎಂದು ಸಾರಿದರು. ಹರಕೆಯ ಮನೆಯೆಂದು ಹೆಂಗಸರು ಲಟ್ಟಣಿಗೆ ಹಿಡಿದೇ ಬಂದರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಏನನ್ನೂ ಮುಟ್ಟಕೂಡದು, ಬಾಯಲ್ಲೇ ಮಾಡಿಸಬೇಕು ಎಂದು ಅಪ್ಪಣೆಯಾಯಿತು. ಎಂಥ ಹಿಂಸೆ! ಹೂರಣ ತೆಳ್ಳಗಾಗುತ್ತಿದೆ, ಕೈ ತುರಿಸುತ್ತಿದೆ; ಚಾಚಿದರೆ ಅತ್ತೆಯ ಕಣ್ಣು. ಮೊದಲ ಒಬ್ಬೆ ಹಾಳೇ ಆಯಿತು. ಆಮೇಲೆ ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೆಂದು ನೋಡತೊಡಗಿದೆ. ಖಾಲಾ ಬಟ್ಟೆ ಹೊಲಿಯುವ ಕೈಯಲ್ಲಿ ಎಷ್ಟು ತೆಳ್ಳಗೆ ಲಟ್ಟಿಸಿದರೆಂದರೆ, ಅವರ ಮುಂದೆ ನನ್ನ ಹೋಳಿಗೆ ರೊಟ್ಟಿಯೇ ಸರಿ. ಅಂದಿನಿಂದ ಪ್ರತಿ ಹಬ್ಬದಲ್ಲೂ ನನಗೆ ಮಣೆಯೇ ಗತಿ.

ಎರಡನೆಯ ಸಲ ಹೋದಾಗ ಅದೇ ನನ್ನ ಕೊನೆಯ ಅವಕಾಶವೆಂದು ಅತ್ತೆಗೂ ನನಗೂ ಗೊತ್ತಿತ್ತು. ಮತ್ತೆ ಬಿದ್ದರೆ ವಯಸ್ಸು ಮೀರುತ್ತಿತ್ತು. ಈ ಸಲ ನಾನು ಹಲಗೆ ಮುಟ್ಟುವ ಮೊದಲು ಜೊತೆಯವರ ಮುಖ ನೋಡಿದೆ. ಎತ್ತರದವನಿಗೆ ಹಲಗೆ ಕೊಟ್ಟೆ, ಗಂಟು ಬಲ್ಲವಳಿಗೆ ಹಗ್ಗ ಕೊಟ್ಟೆ. ಕೆಲವು ತಿಂಗಳ ಮೇಲೆ ಆದೇಶ ಬಂತು. ನಾನು ಲೆಫ್ಟಿನೆಂಟ್.

ಅತ್ತೆ ಬೀದಿಯವರನ್ನು ಕರೆದು ನಿಜ ಹೇಳಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಖಾಲಾ, “ನಮ್ಗ ಗೊತ್ತಿರ್ಲಿಲ್ಲ ಅಷ್ಟೇ ರೀ, ಅಲ್ಲಾಗೆ ಗೊತ್ತಿತ್ತಲ್ಲ, ಯಾರಿಗೆ ಏನ್ ಬೇಕು ಅಂತ,” ಎಂದು ನನ್ನನ್ನು ತಬ್ಬಿಕೊಂಡರು.

ಮರುದಿನ ನಸುಕಿನಲ್ಲಿ ಅತ್ತೆ ಶೂ ಕಟ್ಟುತ್ತಿದ್ದರು. ಇನ್ನೇಕೆ ಎಂದು ಕೇಳಿದೆ. ಹರಿಹರೇಶ್ವರನ ಗುಡಿಗೆ ನಡೆದು ಹೋಗಬೇಕು ಎಂದರು. ಈಚೆಗೆ ಮಂಡಿ ನೋವು ಹತ್ತಿಕೊಂಡ ಹೆಂಗಸು, ಹದಿನೈದು ಕಿಲೋಮೀಟರ್ ದೂರದ ಹರಿಹರದವರೆಗೆ! ಹರಕೆ ಸುಳ್ಳಲ್ಲವೇ ಎಂದೆ.

“ದೇವ್ರ ಹೆಸ್ರಲ್ಲಿ ಸುಳ್ಳು ಹೇಳಾಕ ಆಗ್ತೈತೇನು? ಬಾಯಿಂದ ಬಂದ ದಿನಾನೇ, ನೀನು ಪಾಸಾದ್ರೆ ಹರಿಹರಕ್ಕ ನಡ್ಕೊಂತ ಬರ್ತೀನಿ ಅಂತ ಹೊತ್ಕೊಂಡೆ. ನಿಂದಲ್ಲ, ಅದು ನಂದು.”

ಹೈವೇ ಪಕ್ಕದಲ್ಲಿ ಕೂತು ಎದ್ದು, ಕೂತು ಎದ್ದು, ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆವು. ದಾರಿಯುದ್ದಕ್ಕೂ ನನ್ನ ಹೆಗಲು ಹಿಡಿದೇ ನಡೆದರು. ಆ ಹೆಗಲಿಗೆ ಆಮೇಲೆ ನಕ್ಷತ್ರ ತೊಡಿಸಿದವರೂ ಅವರೇ.

ಕಳೆದ ವರ್ಷ ಅತ್ತೆ ನಿದ್ದೆಯಲ್ಲೇ ಹೋದರು. ಹೆತ್ತವರು ಮರೆತಿದ್ದ ನನ್ನ ಕನಸನ್ನು ಎತ್ತಿ ಕೊಟ್ಟವರು ಅವರು. ಆ ಋಣ ನನ್ನ ಮೇಲಿದೆ. ಶೂ ಇನ್ನೂ ನನ್ನ ಬೂಟುಗಳ ಪಕ್ಕದಲ್ಲೇ ಇದೆ. ಈಗ ಖಾಲಾನ ಮಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅದೇ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಬೆಳಗ್ಗೆ ಮೈದಾನದಲ್ಲಿ ಓಡುತ್ತಾಳೆ. ಯಾಕೆ ಓಡುತ್ತಾಳೆಂದು ಬೀದಿಗೆಲ್ಲ ಗೊತ್ತು. ಅವಳಿಗೆ ಯಾವ ನೆಪವೂ ಬೇಕಾಗಿಲ್ಲ. ಆ ಹರಕೆಯನ್ನು ನಮ್ಮತ್ತೆ ಎಲ್ಲರ ಪರವಾಗಿ ತೀರಿಸಿ ಹೋಗಿದ್ದಾರೆ.