ಎಸ್ಪೊಸಿಟೊ ಎಂಬ ಮನೆತನದ ಹೆಸರು

"ವಾರಿಜಾಕ್ಷಿ ಮೇಡಂ ತರಕಾರಿಗೆ ಹೊರಟರೆ ಹಿಂದೆ ಆರಡಿ ಕರು," ಎಂದು ಮಲೇಷ್ಯಾದ ಮೆಲಾಕಾದ ಆ ಬೀದಿಯ ಕನ್ನಡದವರು ನಗುತ್ತಿದ್ದರು. ಕರು ಎಂದರೆ ಅವಳ ಗಂಡ ಜೆನ್ನಾರೊ ಎಸ್ಪೊಸಿಟೊ. ಇಟಲಿಯ ನೇಪಲ್ಸಿನವನು, ದೋಣಿ ಎಂಜಿನ್ ರಿಪೇರಿ ಮಾಡುವವನು. ಅವಳು ಉಡುಪಿಯವಳು, ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವವಳು.

ಅವನು ಹಾಗೇಕೆ ಅಂಟಿಕೊಂಡಿರುತ್ತಾನೆಂದು ಗೊತ್ತಾದದ್ದು ಅವರ ಮನೆಯ ಸತ್ಯನಾರಾಯಣ ಪೂಜೆಯ ದಿನ. ಸಂಕಲ್ಪಕ್ಕೆ ಕೂತಾಗ ಯಜ್ಞನಾರಾಯಣ ಭಟ್ಟರು ಕೇಳಿದರು: "ಎಸ್ಪೊಸಿಟೊ ಅಂದ್ರೆ ಎಂತ ಮಾರಾಯ್ರೆ? ನಮ್ಮ ಹೆಬ್ಬಾರ, ಉಪಾಧ್ಯ ಇದ್ದ ಹಾಗೆಯಾ? ಗೋತ್ರ ಯಾವುದು ಹೇಳ್ಲಿ?"

ಜೆನ್ನಾರೊ ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ವಾರಿಜಾಕ್ಷಿ ಕನ್ನಡ ಮಾಡಿದಳು. ಅವನ ಊರಿನ ಅನಾಥಾಲಯದ ಗೋಡೆಯಲ್ಲಿ ತೊಟ್ಟಿಲಿನಷ್ಟು ಪೊಳ್ಳಿರುವ ಒಂದು ಮರದ ಚಕ್ರವಿತ್ತಂತೆ. ಸಾಕಲಾರದ ತಾಯಿ ಕೂಸನ್ನು ಹೊರಗಿನಿಂದ ಅದರಲ್ಲಿಟ್ಟು ತಿರುಗಿಸಿದರೆ ಒಳಗಿನವರು ಎತ್ತಿಕೊಳ್ಳುತ್ತಿದ್ದರಂತೆ. ಅಂಥ ಕೂಸುಗಳಿಗೆ ಎಸ್ಪೊಸಿಟೊ ಎಂದು ಹೆಸರು. ಹೊರಗೆ ಬಿಟ್ಟು ಹೋದದ್ದು ಎಂದರ್ಥ. ಇವನ ಮುತ್ತಜ್ಜನ ಮುತ್ತಜ್ಜ ಅಂಥವನೊಬ್ಬ.

"ಹಾಗಾದ್ರೆ ನಿಮ್ಮನ್ನ ನಾವೇ ಇಟ್ಕೊಂಡ್ವಿ ಲಾ!" ಎಂದಳು ಪಕ್ಕದ ಮನೆಯ ಸರೋಜಿನಿ, ಅಲ್ಲಿನವರ ಮಾತಿನ 'ಲಾ' ಸೇರಿಸಿ. ಎಲ್ಲರೂ ನಕ್ಕರು. ಭಟ್ಟರು ಗೋತ್ರ ಗೊತ್ತಿಲ್ಲದವರಿಗೆ ಹೇಳುವಂತೆ ಕಾಶ್ಯಪ ಗೋತ್ರವೆಂದು ಮಂತ್ರ ಮುಂದುವರಿಸಿದರು. ಜೆನ್ನಾರೊ ನಗಲಿಲ್ಲ. ಆಮೇಲೆ ಹರಕು ಕನ್ನಡದಲ್ಲಿ ಹೆಂಡತಿಗೆ ಹೇಳಿದ: "ನನ್ನ ಬೇರೆಯವ್ರ ಕೈಗೆ ಕೊಟ್ಟು ಹೋಗ್ಬೇಡ, ವಾರಿ." ಅವಳು ದೀಪ ಮುಟ್ಟಿ ಆಣೆ ಇಟ್ಟಳು.

ಕೊರೋನಾದ ಎರಡನೆಯ ವರ್ಷ ಆ ಆಣೆ ಕುತ್ತಿಗೆಗೆ ಬಂತು. ಅವನಿಗೆ ಜ್ವರ ಹಿಡಿಯಿತು. ಆಸ್ಪತ್ರೆಗೆ ಒಯ್ದರೆ ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲ. ವಾರಿಜಾಕ್ಷಿ ಚಿಲಕ ಹಾಕಿ, ಕಷಾಯ ಕುಡಿಸುತ್ತ, ಅವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಕೂತಳು. ಸರೋಜಿನಿ ಗೇಟಿನಿಂದ ಕೂಗಿ ಕೇಳಿದರೆ, "ಶೀತ ಮಾರಾಯ್ತಿ, ಅಷ್ಟೇ" ಎಂದಳು. ವರ್ಷಗಟ್ಟಲೆ ಹೆಣಗಳ ಎದೆ ಬಿಡಿಸಿ ಪಾಠ ಹೇಳಿದವಳು. ಈ ಎದೆಯೊಳಗೆ ಏನಾಗುತ್ತಿದೆ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೂ ನಾಳೆ ನೋಡುವ ಎಂದುಕೊಂಡಳು. ಮರುದಿನ ಅವನ ತುಟಿ ನೀಲಿಗಟ್ಟಿತು.

ಅವಳೇ ಕರೆಸಿದ ಆಂಬುಲೆನ್ಸಿಗೆ ಎತ್ತಿ ಹಾಕುವಾಗ ಅವನು ಅವಳ ಕಡೆ ತಿರುಗಲಿಲ್ಲ.

ವಾರ್ಡಿನಿಂದ ನರ್ಸ್ ಫೋನ್ ಮಾಡಿದಳು: ಆಕ್ಸಿಜನ್ ಮಾಸ್ಕ್ ಕಿತ್ತೆಸೆಯುತ್ತಾನೆ, ವಾರಿ ವಾರಿ ಅನ್ನುತ್ತಾನೆ. ಅಷ್ಟರಲ್ಲಿ ವಾರಿಜಾಕ್ಷಿಗೂ ಕೆಮ್ಮು. ಟೆಸ್ಟ್ ಕಿಟ್ಟಿನಲ್ಲಿ ಸೋಂಕಿನ ಎರಡು ಗೆರೆ ಮೂಡಿದಾಗ, ಇನ್ನು ತನ್ನನ್ನೂ ಅವನಿದ್ದಲ್ಲಿಗೆ ಬಿಡುತ್ತಾರೆಂದು ಅವಳಿಗೆ ಜೀವ ಬಂದಂತಾಯಿತು. ತಾನೇ ಫೋನ್ ಮಾಡಿ ವ್ಯಾನು ಕರೆಸಿದಳು.

"ಅಕ್ಕಾ, ಕಾಯಿಲೆ ಜಾಸ್ತಿ ಆಗದವ್ರನ್ನ ಊರಾಚೆ ಕ್ವಾರಂಟೈನ್ ಸೆಂಟರ್‌ಗೆ ಒಯ್ತಾರಂತೆ! ಹೋಗ್ಬೇಡಿ!" ಸರೋಜಿನಿ ಕೂಗಿದಳು.

"ನಾನು ಮೆಡಿಕಲ್ ಕಾಲೇಜಿನವಳು ಅಂತ ಹೇಳ್ತೇನೆ. ಅವರ ವಾರ್ಡಿಗೇ ಹಾಕ್ತಾರೆ, ನೋಡ್ತಾ ಇರು."

ವಾರಿಜಾಕ್ಷಿ ಹೊಸಿಲು ದಾಟಿದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ. ಬೀದಿಯ ತುದಿಯಲ್ಲಿ ವ್ಯಾನು ಆಸ್ಪತ್ರೆಯ ಕಡೆಗಲ್ಲ, ಊರಾಚೆಯ ಹೆದ್ದಾರಿಯ ಕಡೆಗೆ ಹೊರಳಿತು. ಒಳಗಿನಿಂದ ಅವಳು ಗಾಜು ಬಡಿಯತೊಡಗಿದಳು.